ಅರ್ಧ ದಿನದ ಕೆಲಸ

ನಮ್ಮ ಸೀಮೆಯಲ್ಲಿ ದೊಡ್ಡ ಮರ ಉರುಳಿದ ಸದ್ದಿಗೆ ಈಗ ಯಾರೂ ಮನೆಯಿಂದ ಹೊರಗೆ ಬರುವುದಿಲ್ಲ. ಚನ್ನರಾಯನದುರ್ಗದ ಕೋಟೆಬೆಟ್ಟದ ಬುಡದ ಊರುಗಳಾಗಲಿ, ಕೊರಟಗೆರೆಯಿಂದ ಮಧುಗಿರಿಗೆ ಹೋಗುವ ಹಾದಿಯಾಗಲಿ, ಶಿರಾ ಕಡೆಯ ಹುಣಸೆ ತೋಪುಗಳಾಗಲಿ, ಪಾವಗಡದ ಬಯಲಾಗಲಿ, ಎಲ್ಲಿ ಕೇಳಿದರೂ ಒಂದೇ ಉತ್ತರ: 'ಮಷಿನ್ ತಂದವ್ರೆ, ಅರ್ಧ ದಿನದ ಕೆಲ್ಸ.' ಅಜ್ಜ, ಮಗ, ಮೊಮ್ಮಗ ಮೂವರೂ ಕೆಳಗೆ ಕೂತೆದ್ದ ಮರದ ಬಗ್ಗೆ ನಾವು ಆಡುವ ಕಡೆಯ ಮಾತು ಇಷ್ಟೇ. ಬೆಳಗಿನ ಕಾಫಿ ಹೊತ್ತಿಗೆ ಗರಗಸದ ಅರಚಾಟ ಶುರುವಾಗುತ್ತದೆ, ಮಧ್ಯಾಹ್ನದ ಮುದ್ದೆ ಹೊತ್ತಿಗೆ ಅಲ್ಲಿ ಬರೀ ಆಕಾಶ ಕಾಣುತ್ತದೆ, ಸಂಜೆಗೆ ದಿಮ್ಮಿಗಳು ಲಾರಿ ಹತ್ತುತ್ತವೆ, ಮಾರನೆಯ ದಿನ ಜೆಸಿಬಿ ಬಂದು ಬೊಡ್ಡೆಯನ್ನೂ ಕಿತ್ತು ಗುಂಡಿ ಮುಚ್ಚಿ ಹೋಗುತ್ತದೆ. ಕದ್ದು ಮುಚ್ಚಿ ಯಾರೂ ಇದನ್ನು ಮಾಡುತ್ತಿಲ್ಲ. ಹಾಡಹಗಲು, ನಮ್ಮ ಕಣ್ಣೆದುರು, ಬಹುಪಾಲು ನಮ್ಮ ಒಪ್ಪಿಗೆಯಿಂದಲೇ ನಡೆಯುತ್ತಿದೆ. ಆದ್ದರಿಂದ ಈ ಮಾತನ್ನು ಮರಗಳ್ಳರಿಗೆ ಹೇಳಿ ಪ್ರಯೋಜನವಿಲ್ಲ. ನಾವೇ ಕೇಳಿಸಿಕೊಳ್ಳಬೇಕು.

ಕೊಡಲಿಯ ಕಾಲದಲ್ಲೂ ಮರ ಬೀಳುತ್ತಿತ್ತು. ಹಿಂದಿನವರೆಲ್ಲ ಪುಣ್ಯಾತ್ಮರಾಗಿದ್ದರೆಂದು ನಂಬಿಕೊಂಡು ನಮ್ಮ ತಪ್ಪನ್ನು ಅಳೆಯಬೇಕಾಗಿಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಚನ್ನರಾಯನದುರ್ಗ, ದೇವರಾಯನದುರ್ಗದ ಸುತ್ತಮುತ್ತ ಕಬ್ಬಿಣ ಕರಗಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆ ಕುಲುಮೆಗಳು ಉರಿದದ್ದು ಇದ್ದಿಲಿನಿಂದ, ಇದ್ದಿಲು ಬಂದದ್ದು ಮರದಿಂದ. ಆದರೆ ಕುಲುಮೆಗೆ ಮರ ಸುಟ್ಟ ಅದೇ ಸೀಮೆಯ ಜನ ದಾರಿಯ ಆಲಕ್ಕೆ, ಕೆರೆ ಏರಿಯ ಹೊಂಗೆಗೆ, ಗುಂಡುತೋಪಿನ ಹುಣಸೆ ಇಪ್ಪೆಗಳಿಗೆ ಬೇರೆಯೇ ಲೆಕ್ಕ ಇಟ್ಟಿದ್ದರು. ಇಟ್ಟಿರದಿದ್ದರೆ ಇವತ್ತು ಕಡಿಯುವುದಕ್ಕೆ ನಮಗೆ ಅವು ಉಳಿದಿರುತ್ತಿರಲಿಲ್ಲ. ಒಲೆಗೆ ಹೋಗುವ ಮರ ಯಾವುದು, ಊರಿಗೆ ಬೇಕಾದ ಮರ ಯಾವುದು ಎಂಬ ವಿವೇಚನೆ ಅವರಿಗಿತ್ತು. ಅದಕ್ಕೆ ಅವರ ಕೈಲಿದ್ದ ಹತಾರವೂ ಒತ್ತಾಸೆಯಾಗಿತ್ತು. ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದ ಹುಣಸೆಯನ್ನು ಕೊಡಲಿಯಲ್ಲಿ, ಇಬ್ಬರು ಎಳೆಯುವ ಗರಗಸದಲ್ಲಿ ಕೆಡಹಲು ದಿನಗಟ್ಟಲೆ ಬೇಕಿತ್ತು. ಅಷ್ಟರೊಳಗೆ ಊರಿಗೆಲ್ಲ ಸುದ್ದಿ ಮುಟ್ಟುತ್ತಿತ್ತು. ಹೊಲಕ್ಕೆ ಹೋಗುವವನು ನಿಂತು 'ಯಾಕಪ್ಪಾ, ಯಾರು ಹೇಳಿದ್ರು?' ಎಂದು ಕೇಳುತ್ತಿದ್ದ. ಕಡಿಸುವವನು ಹತ್ತು ಜನಕ್ಕೆ ಹತ್ತು ಸಲ ಕಾರಣ ಹೇಳಬೇಕಿತ್ತು, ಕಾರಣ ಗಟ್ಟಿಯಿಲ್ಲದಿದ್ದರೆ ತಲೆ ತಗ್ಗಿಸಬೇಕಿತ್ತು. ಈಗಿನ ಗರಗಸದ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ. ಕೇಳುವವನು ಚಪ್ಪಲಿ ಮೆಟ್ಟಿಕೊಂಡು ಬರುವಷ್ಟರಲ್ಲಿ ಮರ ನೆಲದ ಮೇಲಿರುತ್ತದೆ. ಯಂತ್ರವನ್ನು ದೂರುವುದು ಸುಲಭ. ಕೇಳುವ ಅಭ್ಯಾಸವನ್ನು ಯಂತ್ರ ನಮ್ಮಿಂದ ಕಿತ್ತುಕೊಳ್ಳಲಿಲ್ಲ, ನಾವಾಗಿಯೇ ಬಿಟ್ಟೆವು.

ರಸ್ತೆಯ ವಿಷಯವನ್ನೇ ನೋಡಿ. ಮಳವಳ್ಳಿಯಿಂದ ಹೊರಟು ಕುಣಿಗಲ್, ತುಮಕೂರು, ಕೊರಟಗೆರೆ, ಮಧುಗಿರಿ ಹಾದು ಪಾವಗಡ ಮುಟ್ಟುವ ರಾಜ್ಯ ಹೆದ್ದಾರಿ 33 ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಅಗಲವಾಯಿತು. ಅಗಲವಾಗಬೇಕಿತ್ತು, ಅದರಲ್ಲಿ ತಕರಾರಿಲ್ಲ. ಪಾವಗಡದ ಬಸುರಿ ಹೆಂಗಸು ತುಮಕೂರಿನ ಆಸ್ಪತ್ರೆಗೆ ಬೇಗ ಮುಟ್ಟಲೇಬೇಕು. ಆದರೆ ರಸ್ತೆ ಬೇಕೆಂದವರೆಲ್ಲ ಮರ ಬೇಡವೆಂದೇ ಹೇಳಿದ ಹಾಗಾಯಿತಲ್ಲ, ಅದಕ್ಕೆ ಯಾರು ಹೊಣೆ? ತೊಗಟೆ ಕೆತ್ತಿ ಬಣ್ಣದಲ್ಲಿ ನಂಬರು ಬರೆದ ಮರಗಳ ಪಕ್ಕದಲ್ಲೇ ಬಸ್ಸಿಗೆ ಕಾಯುತ್ತ ನಿಲ್ಲುವವರು ನಾವು. ಆ ನಂಬರು ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳುವುದಿಲ್ಲ. ಒಂದೇ ಬದಿಗೆ ಅಗಲಿಸಿ ಇನ್ನೊಂದು ಬದಿಯ ಸಾಲನ್ನು ಉಳಿಸಲಾಗದೇ, ಹಳೆಯ ಸಾಲನ್ನೇ ನಡುವೆ ಬಿಟ್ಟು ಆಚೆಗೊಂದು ಈಚೆಗೊಂದು ದಾರಿ ಮಾಡಲಾಗದೇ ಎಂದು ಇಂಜಿನಿಯರನ್ನು ನಿಲ್ಲಿಸಿ ಕೇಳುವುದಿಲ್ಲ. ಕೇಳಿದರೆ ಏನಾಗುತ್ತದೆಂದು ತಿಳಿಯಬೇಕಾದರೆ ಹೈದರಾಬಾದಿನಿಂದ ಬಿಜಾಪುರಕ್ಕೆ ಬರುವ ಹೆದ್ದಾರಿಯನ್ನು ನೋಡಬೇಕು. ಆ ದಾರಿಯ ಚೇವೆಳ್ಳ ಭಾಗದಲ್ಲಿ ಸುಮಾರು 900 ಆಲದ ಮರಗಳಿವೆ. ಅಲ್ಲಿನ ಮರಪ್ರೇಮಿಗಳು ಒಂದೊಂದನ್ನೂ ಎಣಿಸಿ ಪಟ್ಟಿ ಮಾಡಿ ಹಸಿರು ನ್ಯಾಯಮಂಡಳಿಯ ಬಾಗಿಲು ಬಡಿದರು, ವರ್ಷಗಟ್ಟಲೆ ಬಿಡದೆ ಹಟ ಹಿಡಿದರು, ಕೊನೆಗೆ ಬಹುಪಾಲು ಮರಗಳು ಉಳಿಯುವ ಹಾಗೆ ನಕ್ಷೆಯೇ ಬದಲಾಯಿತು. ಅವರಿಗಿದ್ದ ಕಾನೂನು ನಮಗೂ ಇತ್ತು, ನ್ಯಾಯಮಂಡಳಿಯೂ ಅದೇ. ಅವರು ಎಣಿಸಿದರು, ನಾವು ಎಣಿಸಲಿಲ್ಲ.

ಎಣಿಸುವುದನ್ನು ನಮಗೆ ಕಲಿಸಿಕೊಡಲು ಹೊರಗಿನವರು ಬರಬೇಕಾಗಿರಲಿಲ್ಲ. ಸಾಲುಮರದ ತಿಮ್ಮಕ್ಕ ನಮ್ಮದೇ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದವರು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋಗಿ, ಗಂಡ ಚಿಕ್ಕಯ್ಯನವರ ಜೊತೆ ಹುಲಿಕಲ್ಲಿಂದ ಕುದೂರಿನವರೆಗೆ ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು, ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿ 385 ಮರ ಬೆಳೆಸಿದರು. ಇಬ್ಬರೂ ಕೂಲಿ ಮಾಡಿ ಉಣ್ಣುತ್ತಿದ್ದವರು. 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ, ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವಾಗ ತಾನು ಸಾಕಿದ ಮರಗಳನ್ನು ಕಡಿಯಬೇಡಿ ಎಂದು ನೂರು ದಾಟಿದ ಆ ತಾಯಿ ಮುಖ್ಯಮಂತ್ರಿಗಳ ಮುಂದೆ ಹೋಗಿ ನಿಲ್ಲಬೇಕಾಯಿತು. ದೇಶವೇ ಕೈ ಮುಗಿದ ಮರಗಳಿಗೆ ಈ ಗತಿಯಾದರೆ ಹೆಸರಿಲ್ಲದ ನಮ್ಮ ದಾರಿಮರಗಳ ಪಾಡೇನು? 2025ರ ನವೆಂಬರ್ 14ರಂದು ಅವರು ತೀರಿಕೊಂಡಾಗ ನಾವೆಲ್ಲ ಮೊಬೈಲಿನಲ್ಲಿ ಅವರ ಚಿತ್ರ ಹಾಕಿಕೊಂಡು ಕಣ್ಣೊರೆಸಿಕೊಂಡೆವು. ಶಾಲೆ ಶಾಲೆಯಲ್ಲಿ ಮೌನ ಆಚರಿಸಿದೆವು. ಆ ವಾರ ನಮ್ಮ ಸೀಮೆಯಲ್ಲಿ ಒಂದು ಗರಗಸವಾದರೂ ನಿಂತಿತೇ? ಹೆಂಗಸೊಬ್ಬಳ ಬಾಳಿನ ದುಡಿಮೆಯನ್ನು ಹೊಗಳಿ, ಅದೇ ದುಡಿಮೆಯ ಫಲವನ್ನು ಟನ್ ಲೆಕ್ಕದಲ್ಲಿ ಮಾರುವ ಸಮಾಜಕ್ಕೆ ಅವರ ಹೆಸರೆತ್ತುವ ಹಕ್ಕಿಲ್ಲ.

ಕಡಿಸುವವರು ಹೇಳುವ ಕಾರಣಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು 'ಬೀಳೋ ಹಾಗಿದೆ, ಅಪಾಯ' ಎಂಬುದು. ಹಲವು ಸಲ ಅದು ನಿಜವೂ ಹೌದು. ಆದರೆ ಆ ಅಪಾಯ ತಾನಾಗಿ ಬಂದದ್ದಲ್ಲ, ನಾವೇ ತಂದದ್ದು. ಅಂಗಡಿಯ ಕಸವನ್ನು ಗುಡಿಸಿ ಬುಡಕ್ಕೆ ಒಟ್ಟಿ ಬೆಂಕಿ ಹಚ್ಚುತ್ತೇವೆ. ದಿನವೂ ಸುಟ್ಟ ಬದಿಯಲ್ಲಿ ತೊಗಟೆ ಸೀಳಿ ಒಳಮರ ಕಾಣತೊಡಗುತ್ತದೆ, ಅಲ್ಲಿಂದ ಹುಳ ಹೊಕ್ಕು ಕೊಳೆತು ಪೊಟರೆಯಾಗುತ್ತದೆ. ನಲ್ಲಿ ಪೈಪಿಗೆಂದು, ಕೇಬಲ್ಲಿಗೆಂದು ಕಾಲುವೆ ತೋಡುವಾಗ ಜೆಸಿಬಿಯ ಬಕೆಟ್ಟು ಒಂದು ಪಕ್ಕದ ತಾಯಿಬೇರುಗಳನ್ನು ಹರಿದೆಸೆಯುತ್ತದೆ. ಅರಳಿಕಟ್ಟೆಗೆ ಟೈಲ್ಸ್ ಹಾಕಿಸುವ ಉತ್ಸಾಹದಲ್ಲಿ ಕಾಂಡದ ಸುತ್ತ ಒಂದು ಗೇಣು ಮಣ್ಣನ್ನೂ ಬಿಡದೆ ಕಾಂಕ್ರೀಟು ಸುರಿಯುತ್ತೇವೆ. ನೀರೂ ಇಳಿಯದು, ಗಾಳಿಯೂ ಆಡದು. ಮಳೆಗಾಲದ ಮುಂಚೆ ಕರೆಂಟ್ ಲೈನಿಗೆ ತಗುಲುವುದೆಂದು ರಸ್ತೆಯ ಕಡೆಯ ಕೊಂಬೆಗಳನ್ನೆಲ್ಲ ಸವರಿ ಹಾಕುತ್ತಾರೆ. ಭಾರವೆಲ್ಲ ಒಂದೇ ಕಡೆಗೆ ವಾಲುತ್ತದೆ. ಇವಿಷ್ಟೂ ಆದ ಮೇಲೆ ಮುಂಗಾರಿನ ಮೊದಲ ಬಿರುಗಾಳಿಗೆ ಮರ ವಾಲಿದರೆ, ಅಥವಾ ಒಂದು ಕೊಂಬೆ ಮುರಿದು ಆಟೋದ ಮೇಲೆ ಬಿದ್ದರೆ, ಊರಿನವರೆಲ್ಲ ಸಹಿ ಹಾಕಿ ಅರ್ಜಿ ಕೊಡುತ್ತೇವೆ. ಬೆಂಕಿ ಹಚ್ಚಿದವನ ಸಹಿಯೂ ಅದರಲ್ಲಿರುತ್ತದೆ. ಕೊಳೆತ ಕೊಂಬೆಯನ್ನಷ್ಟೇ ಸರಿಯಾಗಿ ತೆಗೆದು, ಕಟ್ಟೆಯ ಕಾಂಕ್ರೀಟು ಒಡೆದು ಮಣ್ಣು ಬಿಟ್ಟರೆ ಮರ ಉಳಿಯಬಹುದೇ ಎಂಬ ಪ್ರಶ್ನೆ ಆ ಅರ್ಜಿಯಲ್ಲಿ ಇರುವುದಿಲ್ಲ.

ಇನ್ನು ಆ ಮರವನ್ನು ಕೆಡಹಲು ನಾವು ಕರೆತರುವ ಮನುಷ್ಯನ ವಿಷಯ. ಮರದ ಬಗ್ಗೆ ಮರುಗುವವರೂ ಇಲ್ಲಿ ಬಾಯಿ ಬಿಡುವುದಿಲ್ಲ.

ದೊಡ್ಡ ಮರ ಕೆಡಹುವುದು ಕಲಿತು ಮಾಡಬೇಕಾದ ಕೆಲಸ. ಮರ ಬೀಳಬೇಕಾದ ದಿಕ್ಕಿನಲ್ಲಿ ಮೊದಲು ಕಾಂಡದ ದಪ್ಪದ ಕಾಲುಭಾಗದಷ್ಟು ಆಳಕ್ಕೆ ಕಚ್ಚು ಮಾಡಬೇಕು. ಆಮೇಲೆ ಹಿಂಬದಿಯಿಂದ, ಆ ಕಚ್ಚಿಗಿಂತ ತುಸು ಮೇಲೆ, ಕೊಯ್ಯುತ್ತ ಬರಬೇಕು. ಎರಡೂ ಕೂಡದಂತೆ ನಡುವೆ ದಪ್ಪದ ಹತ್ತನೆಯ ಒಂದು ಪಾಲಿನಷ್ಟು ಮರವನ್ನು ಹಾಗೇ ಬಿಡಬೇಕು. ಕೊಯ್ಯದೆ ಬಿಟ್ಟ ಆ ಪಟ್ಟಿಯೇ ಬಾಗಿಲಿನ ಕೀಲಿನಂತೆ ಮರವನ್ನು ಹಿಡಿದು ದಿಕ್ಕು ತಪ್ಪದ ಹಾಗೆ ಇಳಿಸುತ್ತದೆ. ಮರ ಅಲುಗಿದ ಕ್ಷಣದಲ್ಲಿ ಹಿಂದಕ್ಕೆ ಓರೆಯಾಗಿ ಸರಿದುಹೋಗಲು ದಾರಿಯನ್ನು ಮೊದಲೇ ಬಿಡಿಸಿಟ್ಟುಕೊಂಡಿರಬೇಕು. ಅಲಗಿನ ತುದಿಯ ಮೇಲ್ಭಾಗ ಗಟ್ಟಿ ಜಾಗಕ್ಕೆ ತಗುಲಿತೋ, ಓಡುವ ಗರಗಸ ಹಿಡಿದವನ ಮುಖಕ್ಕೇ ಚಿಮ್ಮುತ್ತದೆ. ಊರ ನಡುವೆ, ಮನೆಗಳ ಮಧ್ಯೆ ನಿಂತ ಮರವನ್ನು ಬುಡದಿಂದ ಕೆಡಹಲೇಬಾರದು. ತುದಿಯಿಂದ ತುಂಡು ತುಂಡಾಗಿ ಕೊಯ್ದು ಹಗ್ಗದಲ್ಲೋ ಕ್ರೇನಿನಲ್ಲೋ ಇಳಿಸಬೇಕು. ನಮ್ಮ ಹಳೆಯ ಹುಣಸೆಗಳ ಒಳಗೆ ಬಹಳಷ್ಟು ಸಲ ಟೊಳ್ಳು. ಹೊರಗೆ ಹಳದಿ ಬಿಳುಪಿನ ಮರ, ನಡುವೆ ಕಪ್ಪುಗೆಂಪು ಚೇಗು ಇರಬೇಕಾದ ಕಡೆ ಬರೀ ಪುಡಿ. ಹಿಡಿದು ಇಳಿಸಬೇಕಾದ ಪಟ್ಟಿಗೆ ಗಟ್ಟಿ ಮರವೇ ಸಿಗುವುದಿಲ್ಲ, ಇಡೀ ಕಾಂಡ ಎಲ್ಲೆಂದರಲ್ಲಿ ಸೀಳಿಕೊಂಡು ಬೀಳುತ್ತದೆ. ಅದರ ಜೊತೆಗೆ ನಾವು ಹೊಡೆದ ಮೊಳೆಗಳಿವೆ. ಬೋರ್‌ವೆಲ್ಲಿನ ಬೋರ್ಡು, ಟ್ಯೂಷನ್ನಿನ ಬೋರ್ಡು, ಚುನಾವಣೆಯ ತಗಡು, ಎಲ್ಲಕ್ಕೂ ಒಂದೊಂದು ಮೊಳೆ. ತೊಗಟೆ ಬೆಳೆದು ಮುಚ್ಚಿಕೊಂಡ ಆ ಕಬ್ಬಿಣಕ್ಕೆ ಸರಪಳಿ ತಾಗಿದರೆ ತುಂಡಾಗಿ ಹಾರುತ್ತದೆ.

ಇಂಥ ಕೆಲಸಕ್ಕೆ ಬರುವ ಹುಡುಗನ ಕಾಲಲ್ಲಿ ಹವಾಯಿ ಚಪ್ಪಲಿ. ಮೇಲಕ್ಕೆ ಕಟ್ಟಿದ ಲುಂಗಿ, ತಲೆಗೆ ಸುತ್ತಿದ ಟವೆಲ್. ಕಿವಿ ಹರಿಯುವ ಆ ಸದ್ದಿಗೆ ಕಿವಿಯಲ್ಲಿ ಒಂದು ಚೂರು ಹತ್ತಿಯೂ ಇಲ್ಲ, ಹೊಟ್ಟು ಹಾರುವ ಕಣ್ಣಿಗೆ ಕನ್ನಡಕವಿಲ್ಲ. ಒಂದು ಕೈಯಲ್ಲಿ ಗರಗಸ ಹಿಡಿದು, ಇನ್ನೊಂದು ಕೈಯಲ್ಲಿ ಕೊಂಬೆ ತಬ್ಬಿಕೊಂಡು, ಮೂವತ್ತು ಅಡಿ ಎತ್ತರದಲ್ಲಿ ಸೊಂಟಕ್ಕೊಂದು ಹಗ್ಗವಿಲ್ಲದೆ ನಿಂತು ಕೊಯ್ಯುತ್ತಾನೆ. ಕೆಳಗೆ ನಿಂತ ನಾವು 'ಹುಷಾರಪ್ಪಾ' ಎನ್ನುತ್ತೇವೆ. ನಮ್ಮ ಜವಾಬ್ದಾರಿ ಅಲ್ಲಿಗೆ ಮುಗಿಯಿತು. ಗುತ್ತಿಗೆದಾರ ಮರಕ್ಕೆ ಇಷ್ಟು ಎಂದು ದರ ಗೊತ್ತು ಮಾಡುವಾಗ ನಾವು ಚೌಕಾಸಿ ಮಾಡಿ ಇಳಿಸುವ ಮೊತ್ತವೇ ಆ ಹುಡುಗನ ಹೆಲ್ಮೆಟ್ಟು, ಅವನ ಬೂಟು, ಅವನ ವಿಮೆ. ಅವನು ಬಿದ್ದು ಸೊಂಟ ಮುರಿದುಕೊಂಡರೆ 'ಅವನ ಗ್ರಹಚಾರ' ಎಂದು ಹೇಳಿ ಒಂದಿಷ್ಟು ದುಡ್ಡು ಕೂಡಿಸಿ ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಮರದ ಅಪಾಯ ತಪ್ಪಿಸಲೆಂದು ಬರೆದ ಅರ್ಜಿಯಲ್ಲಿ ಈ ಮನುಷ್ಯನ ಅಪಾಯಕ್ಕೆ ಒಂದು ಸಾಲಿನ ಜಾಗವೂ ಇರಲಿಲ್ಲ.

ಇಷ್ಟೆಲ್ಲ ಮಾಡಿ ನಾವು ಕಳೆದುಕೊಂಡದ್ದು ಬರೀ ನೆರಳಲ್ಲ. ಹುಣಸೆ ಈ ಬರಸೀಮೆಯ ಆಸ್ತಿ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ, ರಾಗಿ ಕಡಲೆಕಾಯಿಗಳು ಒಣಗಿಹೋದ ವರ್ಷವೂ, ಹುಣಸೆ ಕೈ ಬಿಟ್ಟದ್ದಿಲ್ಲ. ಬೀಜದಿಂದ ಬೆಳೆಸಿದ ಗಿಡ ಫಲಕ್ಕೆ ಬರಲು ಹತ್ತು ವರ್ಷದ ಹತ್ತಿರ ಬೇಕು. ಬಂದ ಮೇಲೆ ನೂರು ವರ್ಷ ಕೊಡುತ್ತದೆ. ಬೇಸಿಗೆಯಲ್ಲಿ ಬೇರೆ ಕೂಲಿಯಿಲ್ಲದ ಹೊತ್ತಿಗೆ ಹಣ್ಣು ಬಡಿಯುವುದು, ಓಡು ಬಿಡಿಸುವುದು, ಬೀಜ ಕುಟ್ಟಿ ತೆಗೆಯುವುದು, ಇವುಗಳಿಂದ ಎಷ್ಟು ಹೆಂಗಸರ ಮನೆಯ ಒಲೆ ಉರಿದಿದೆ ಎಂಬುದು ತುಮಕೂರಿನ ಹುಣಸೆ ಮಾರುಕಟ್ಟೆಯನ್ನು ನೋಡಿದವರಿಗೆಲ್ಲ ಗೊತ್ತು. ಆ ನೂರು ವರ್ಷದ ಆದಾಯವನ್ನು ಒಂದು ಲಾರಿ ಸೌದೆಗೆ ಮಾರಿ ಇಟ್ಟಿಗೆ ಗೂಡಿಗೆ ಕಳಿಸುತ್ತೇವೆ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಜನ ಬೇರೆ ಲೋಕದಿಂದ ಇಳಿದು ಬಂದವರಲ್ಲ. ಅವರ ಊರಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಬಂದು ಗೂಡು ಕಟ್ಟುತ್ತವೆ. ಹಿಕ್ಕೆಯ ವಾಸನೆ, ಮರಿಗಳ ಗಲಾಟೆ ಎಲ್ಲವನ್ನೂ ಸಹಿಸಿಕೊಂಡು ಆ ಜನ ಮರಗಳನ್ನೂ ಹಕ್ಕಿಗಳನ್ನೂ ಕಾಯುತ್ತ ಬಂದಿದ್ದಾರೆ. ಅದೇ ಶಿರಾ, ಅದೇ ಬಡತನ, ಅದೇ ಹುಣಸೆ. ಅವರಿಗೆ ಆದದ್ದು ನಮಗೆ ಯಾಕಾಗಲಿಲ್ಲ?

ನೀರಿನ ಲೆಕ್ಕ ಇನ್ನೂ ಕಹಿ. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾಗಳ ತಲಪರಿಗೆಗಳಲ್ಲಿ ನಾಲ್ಕಾರು ಅಡಿ ಮರಳು ಬಗೆದರೆ ನೀರು ಜಿನುಗುತ್ತಿದ್ದ ಕಾಲವನ್ನು ಕಂಡವರು ಇನ್ನೂ ಬದುಕಿದ್ದಾರೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿಯುವ ಜಯಮಂಗಲಿಯ ಮರಳನ್ನು ಬರಿದು ಮಾಡಿದೆವು, ಬೆಟ್ಟದ ಇಳಿಜಾರಿನ ಮರಗಳನ್ನು ಬೋಳಿಸಿದೆವು, ಸಾವಿರ ಅಡಿ ಬೋರು ಕೊರೆಸಿ ಫ್ಲೋರೈಡಿನ ನೀರು ಕುಡಿದೆವು. ಆಮೇಲೆ ಎತ್ತಿನಹೊಳೆ ಬೇಕೆಂದು ಬೀದಿಗಿಳಿದೆವು. ಸಕಲೇಶಪುರದ ಹೊಳೆಗಳಿಂದ 24 ಟಿಎಂಸಿ ನೀರೆತ್ತುವ, 23 ಸಾವಿರ ಕೋಟಿ ರೂಪಾಯಿ ದಾಟಿದ ಆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು. ಅದರ ಒಂದು ದೊಡ್ಡ ಜಲಾಶಯಕ್ಕೆ ಗೊತ್ತಾದ ಜಾಗ ನಮ್ಮ ಕೊರಟಗೆರೆಯ ಬೈರಗೊಂಡ್ಲು. ನೀರು ಕೇಳುವುದು ತಪ್ಪಲ್ಲ, ಬಾಯಾರಿದವರು ಕೇಳಲೇಬೇಕು. ಆದರೆ ಆ ಪೈಪು ಹೂಳಲು ಪಶ್ಚಿಮ ಘಟ್ಟದ ಕಾಡಿನ ಮರಗಳು ಉರುಳಿವೆ. ನಮ್ಮ ಮರವನ್ನು ಸೌದೆಗೆ ಮಾರಿಕೊಂಡು, ಬೇರೆಯವರ ಕಾಡು ಕಡಿಸಿ ತಂದ ನೀರಿಗೆ ಕೈಯೊಡ್ಡಿ ನಿಲ್ಲುವಾಗ ನಮ್ಮ ತಲೆ ತಗ್ಗಬೇಕು. ತಗ್ಗುತ್ತಿಲ್ಲ.

ಕಾನೂನಿಲ್ಲವೇ ಎಂದರೆ, ಇದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದು ಅರ್ಧ ಶತಮಾನವಾಗುತ್ತ ಬಂತು, ಅದು 1976ರದು. ನೀಲಗಿರಿ, ಸಿಲ್ವರ್ ಓಕ್, ತೆಂಗು ಮುಂತಾದ ಕೆಲವು ಮರಗಳಿಗೆ ವಿನಾಯಿತಿ ಕೊಟ್ಟು, ಉಳಿದವನ್ನು ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯಬಾರದು, ಕಡಿದದ್ದಕ್ಕೆ ಬದಲಾಗಿ ಗಿಡ ನೆಡಬೇಕು ಎನ್ನುತ್ತದೆ. ನೆಡುವುದೂ ನಡೆಯುತ್ತದೆ. ಜೂನ್ 5ರಂದು ಶಾಮಿಯಾನ ಹಾಕಿ, ಗಣ್ಯರ ಕೈಯಲ್ಲಿ ಹೊಸ ಗುದ್ದಲಿ ಕೊಟ್ಟು, ಫೋಟೋ ತೆಗೆದು ನೆಡುತ್ತೇವೆ. ಮಾರ್ಚ್ ತಿಂಗಳಲ್ಲಿ ಆ ಗುಂಡಿಯ ಹತ್ತಿರ ಹೋಗಿ ನೋಡಿದವರೆಷ್ಟು ಜನ? ಬಿದಿರು ತಟ್ಟಿಯ ಒಳಗೆ ಒಣಕಡ್ಡಿ ನಿಂತಿರುತ್ತದೆ, ಕೆಲವು ಕಡೆ ತಟ್ಟಿಯನ್ನೂ ಯಾರೋ ಒಲೆಗೆ ಒಯ್ದಿರುತ್ತಾರೆ. ನೆಟ್ಟ ಗಿಡ ಬದುಕಿದರೂ ಅದು ಬಿದ್ದ ಆಲದ ಜಾಗ ತುಂಬುವ ಹೊತ್ತಿಗೆ ನಾವು ಯಾರೂ ಇರುವುದಿಲ್ಲ. ತಿಮ್ಮಕ್ಕ ಬಿಂದಿಗೆ ಹೊತ್ತ ದಿನಗಳಲ್ಲಿ ಟ್ಯಾಂಕರ್ ಇರಲಿಲ್ಲ, ನರೇಗಾ ಇರಲಿಲ್ಲ, ಗಿಡಕ್ಕೊಂದು ಕಬ್ಬಿಣದ ಬೇಲಿ ಇರಲಿಲ್ಲ. ಇವೆಲ್ಲ ಇರುವ ನಮಗೆ ಹತ್ತು ಗಿಡ ಉಳಿಸಲಾಗುತ್ತಿಲ್ಲ.

ನಮ್ಮ ಮಕ್ಕಳು ಇದನ್ನೆಲ್ಲ ನೋಡುತ್ತಿದ್ದಾರೆ. ಮರ ಬೀಳುವ ಗಳಿಗೆಗೆ ಅವರನ್ನು ದೂರ ನಿಲ್ಲಿಸಿ, ಕೈಗೆ ಮೊಬೈಲು ಕೊಟ್ಟು ವಿಡಿಯೋ ಮಾಡಿಸುವವರೂ ನಾವೇ. ಬಿದ್ದ ಕೊಂಬೆಯ ಪೊಟರೆಯಿಂದ ಗಿಳಿಮರಿ ಹೊರಗೆ ಬಿದ್ದು ಒದ್ದಾಡಿದರೆ ಮಗು ಅದನ್ನು ಎತ್ತಿಕೊಂಡು ಬರುತ್ತದೆ. 'ಬಿಸಾಕು, ಕೈ ತೊಳ್ಕೊ' ಎನ್ನುತ್ತೇವೆ. ಮಾರನೆಯ ದಿನ ಅದೇ ಮಗುವಿಗೆ ಪರಿಸರದ ಪ್ರಬಂಧ ಬರೆದುಕೊಡುತ್ತೇವೆ. ಮರ ಕಡಿಯುವುದು ಹೇಗೆಂದು ಮಕ್ಕಳು ನಮ್ಮಿಂದ ಕಲಿಯುತ್ತಿರುವುದು ಒಂದು ಕಡೆಗಿರಲಿ. ಒಂದು ಮಾತು ಹೇಳಿ ಇನ್ನೊಂದು ಮಾಡುವುದು ದೊಡ್ಡವರ ಲಕ್ಷಣವೆಂದು ಕಲಿಯುತ್ತಿದ್ದಾರೆ.

ತುಮಕೂರು–ರಾಯದುರ್ಗ ರೈಲು ಮಾರ್ಗ ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಹಾದುಹೋಗುವಂಥದ್ದು. ಕಾಲುವೆಗಳು, ಕೂಡುರಸ್ತೆಗಳು, ಬಡಾವಣೆಗಳು ಅದರ ಹಿಂದೆಯೇ ಬರುತ್ತವೆ. ಇನ್ನೂ ಬಹಳಷ್ಟು ಮರಗಳ ಮೇಲೆ ನಂಬರು ಬೀಳಲಿದೆ. ನಂಬರು ಬಿದ್ದ ದಿನವೇ ಆದೇಶದ ಪ್ರತಿ ಕೇಳಬಹುದು, ವೃಕ್ಷಾಧಿಕಾರಿಗೆ ಲಿಖಿತ ಆಕ್ಷೇಪಣೆ ಕೊಡಬಹುದು. ಕಡಿಯಲೇಬೇಕಾದ ಮರವಾದರೆ ಹೆಲ್ಮೆಟ್ಟು, ಬೂಟು, ಸೊಂಟದ ಹಗ್ಗ, ವಿಮೆ ಇಲ್ಲದವನನ್ನು ಮರ ಹತ್ತಲು ಬಿಡುವುದಿಲ್ಲವೆಂದು ಗುತ್ತಿಗೆದಾರನ ಎದುರು ನಿಂತು ಹೇಳಬಹುದು. ಬದಲಿಗೆ ನೆಟ್ಟ ಗಿಡಕ್ಕೆ ಮೂರು ಬೇಸಿಗೆ ನೀರು ಹಾಕುವವರು ಯಾರೆಂದು ಪಂಚಾಯಿತಿಯ ನಡಾವಳಿ ಪುಸ್ತಕದಲ್ಲಿ ಬರೆಸಬಹುದು. ಇದರಲ್ಲಿ ಯಾವುದೂ ನಮಗೆ ತಿಳಿಯದ್ದಲ್ಲ. ಗ್ರಾಮಸಭೆಯಲ್ಲಿ ಮನೆ ಮಂಜೂರಾತಿಗೆ, ಚರಂಡಿ ಬಿಲ್ಲಿಗೆ, ಪಕ್ಕದವನ ಒತ್ತುವರಿಗೆ ಮೇಜು ಗುದ್ದಿ ಮಾತಾಡುವವರು ನಾವು. ಮರದ ಮಾತು ಬಂದಾಗ ಮಾತ್ರ 'ನಮಗ್ಯಾಕೆ ಬಿಡಿ' ಎಂದು ಟವೆಲ್ ಕೊಡವಿ ಎದ್ದು ಹೋಗುತ್ತೇವೆ.